ಹಿಂದಿನ ಗಾಲಿ ಹಿಡಿಯದ ಮೆಣಸಿನಕಾಯಿ ಟೆಂಪೊ

ಆಗ ನನಗೆ ಐವತ್ತೆಂಟು ವರ್ಷ. ಎಂಟು ವರ್ಷದ ಹಿಂದಿನ ಮಾತು. ರಾಣೆಬೆನ್ನೂರಿನಲ್ಲಿ ಹೆದ್ದಾರಿ ಬದಿಯ ಇಮಾಮಸಾಬ ಉಸ್ತಾದರ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ನನ್ನದು. ಈಗ ಬಿಟ್ಟಿದ್ದೇನೆ. ಮೊಣಕಾಲು ಮಡಚುವುದಿಲ್ಲ. ಗಾಡಿಯ ಕೆಳಗೆ ಹೋದರೆ ಎಳೆದು ತೆಗೆಯಲು ಇಬ್ಬರು ಬೇಕು. ನಾನು ಮೂರನೇ ಇಯತ್ತೆಯವರೆಗೆ ಓದಿದವಳು, ಒತ್ತಕ್ಷರ ಕೈಕೊಡುತ್ತವೆ. ಅವನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ಮಾತ್ರ ನನ್ನದೇ. ಐಟಿಐ ಮುಗಿಸಿ ಗ್ಯಾರೇಜಿಗೆ ಬರುವವರಿಗೆ ಈ ಕೆಲಸ ಖರೇ ಹೇಗಿರುತ್ತದೆ ಎಂದು ಯಾರಾದರೂ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಆಸೆಪಟ್ಟು ಬಂದವಳಲ್ಲ. ಗಂಡ ಸತ್ತ ಮೇಲೆ ಉಸ್ತಾದರ ಗ್ಯಾರೇಜಿಗೆ ಕಸ ಹೊಡೆಯಲು ಹೋದೆ. ಒಂದು ದಿನ ಲೈನರಿಗೆ ರಿವೆಟ್ ಹೊಡೆಯುವವನು ಬರಲಿಲ್ಲ. ಗಾಡಿಗಳು ಸಾಲು ನಿಂತಿದ್ದವು. ಉಸ್ತಾದರು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡು ಸುತ್ತಿಗೆ ಇಟ್ಟರು.

“ದ್ಯಾಮವ್ವಾ, ರೊಟ್ಟಿ ಬಡಿಯಾಕ ಬರ್ತದಲ್ಲ? ಇದನ್ನೂ ಬಡಿ. ರೊಟ್ಟಿ ಹರಿದ್ರ ಗಂಡ ಒದರ್ತಾನ. ಇದು ಹರಿದ್ರ ಹೆಣ ಬೀಳ್ತದ. ಅಷ್ಟs ಫರಕು.”

ಸತ್ತ ಗಂಡನನ್ನು ನೆನಪಿಸಿದೆನಲ್ಲ ಎಂದು ಆಮೇಲೆ ಅವರಿಗೆ ಹೊಳೆದಿರಬೇಕು, ಒಂದು ಚಹಾ ತರಿಸಿಕೊಟ್ಟರು. ಅವರ ಮಾಫಿ ಕೇಳುವ ರೀತಿ ಅದೇ. ಆ ದಿನದಿಂದ ನಾನು ಲೈನರ್ ಬಡಿದೆ. ಆಮೇಲೆ ಡ್ರಮ್ ಬಿಚ್ಚುವುದು ಕಲಿತೆ, ಆಮೇಲೆ ಬ್ರೇಕಿನ ಪೂರಾ ಕೆಲಸ ನನ್ನ ಕೈಗೆ ಬಂತು. ಯಾವಾಗ, ಎಷ್ಟಕ್ಕೆ ಎಂಬುದೆಲ್ಲ ಬರೆಯುವಂಥದ್ದಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಗಾಲಿಯ ಒಳಗೆ ಬೋಗುಣಿ ಬೋರಲು ಹಾಕಿದಂಥ ಒಂದು ಡ್ರಮ್ ಇರುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ. ಶೂ ಮೇಲೆ ಬಡಿದ ಒರಟು ಪಟ್ಟಿಯೇ ಲೈನರ್. ಪೆಡಲ್ ತುಳಿದರೆ ಪೈಪಿನಲ್ಲಿ ಬ್ರೇಕ್ ಆಯಿಲ್ ಓಡಿ ಬಂದು ಶೂಗಳನ್ನು ಅಗಲಿಸುತ್ತದೆ, ಲೈನರ್ ಹೋಗಿ ಡ್ರಮ್ಮನ್ನು ಕಚ್ಚುತ್ತದೆ, ಗಾಲಿ ನಿಲ್ಲುತ್ತದೆ. ಇಷ್ಟೇ ಬ್ರೇಕು. ಇಷ್ಟರಲ್ಲೇ ನೂರು ಬ್ಯಾನಿ, ನೂರು ರೋಗ.

ಬ್ಯಾನಿ ಹುಡುಕುವುದರಲ್ಲಿ ಇಮಾಮಸಾಬರಂಥವರನ್ನು ನಾನು ಮತ್ತೆ ಕಂಡಿಲ್ಲ. ಬಾಯಿ ಕೆಟ್ಟದ್ದು, ಸಿಟ್ಟು ಮೂಗಿನ ತುದಿಯಲ್ಲಿ. ಇಷ್ಟು ವರ್ಷದಲ್ಲಿ ನನಗೊಮ್ಮೆಯೂ ಚಲೋ ಮಾಡಿದಿ ಎಂದವರಲ್ಲ. ಆದರೆ ಗಾಡಿ ಬಂದೊಡನೆ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಡ್ರೈವರನನ್ನು ಕೂರಿಸಿ, ಚಹಾ ಕುಡಿಸಿ, ಎಲ್ಲಾ ಹೇಳಿಸುತ್ತಿದ್ದರು. ಬಿಚ್ಚುವುದು ಕೈಯಿಂದ, ಹುಡುಕುವುದು ಕಿವಿಯಿಂದ ಎನ್ನುತ್ತಿದ್ದರು. ಒಮ್ಮೆ ಒಂದು ಜೀಪು ಬಂತು. ಬ್ರೇಕ್ ತುಳಿದರೆ ಎಡಕ್ಕೆ ಎಳೆಯುತ್ತಿತ್ತು. ಬಲಗಾಲಿ ಹಿಡಿಯುತ್ತಿಲ್ಲ ಎಂದು ಊರಿನ ಮಿಸ್ತ್ರಿಗಳೆಲ್ಲ ಬಲಗಾಲಿಯನ್ನು ಬಿಚ್ಚಿ ಬಿಚ್ಚಿ ನಟ್ಟು ಸವೆಸಿದ್ದರು. ಉಸ್ತಾದರು ಡ್ರೈವರನ ಮಾತು ಕೇಳಿ ಎಡಗಾಲಿ ಬಿಚ್ಚಿಸಿದರು. ಬಲಗಾಲಿ ಸರಿಯಾಗಿಯೇ ಇತ್ತು, ಎಡದ್ದು ಅತಿಯಾಗಿ ಕಚ್ಚುತ್ತಿತ್ತು. ಅಳುವ ಕೂಸಿನ ಕಡೆ ಎಲ್ಲರೂ ನೋಡುತ್ತಾರೆ, ಚಿವುಟಿದವನ ಕಡೆ ಯಾರೂ ನೋಡುವುದಿಲ್ಲ ಎಂದರು.

ಇನ್ನು ಟೆಂಪೊ ಮಾತಿಗೆ ಬರುತ್ತೇನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಗುವ ಹೊತ್ತು. ಮೋಟೆಬೆನ್ನೂರಿನ ಫಕೀರೇಶ ಎಂಬ ಡ್ರೈವರ ಟೆಂಪೊ ತಂದ. ನಮ್ಮ ಹಳೆಯ ಗಿರಾಕಿ, ಮೂವತ್ತು ದಾಟಿದವನು, ಮಾತು ಕಡಿಮೆ. ಹೊಲಗಳಿಂದ ಯಾರ್ಡಿಗೆ, ಯಾರ್ಡಿನಿಂದ ಕೋಲ್ಡ್ ಸ್ಟೋರೇಜಿಗೆ ಕಾಯಿ ಚೀಲ ಹೊಡೆಯುವುದೇ ಅವನ ಬದುಕು. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಅನ್ನುತ್ತಾರೆ. ಅನ್ನುವವರು ಆ ಟೆಂಪೊದ ಕೆಳಗೆ ಮಲಗಿ ಒಮ್ಮೆ ಡ್ರಮ್ ಬಡಿಯಲಿ. ಸಂದುಸಂದಿನ ಪುಡಿಯೆಲ್ಲ ಕಣ್ಣಿಗೇ ಬೀಳುತ್ತದೆ.

ಅವನ ಪಕ್ಕದಲ್ಲಿ ಅಣ್ಣ ಶಿವಪ್ಪ ಕೂತಿದ್ದ. ಗಾಡಿ ಅಣ್ಣನ ಹೆಸರಿನಲ್ಲಿ, ದುಡಿತ ತಮ್ಮನದು.

“ಚಾಚಾ, ಹಾವೇರ್ಯಾಗ ಎಫ್‌ಸಿ ಫೇಲ್ ಆತ್ರಿ. ಹಿಂದಿನ ಬ್ರೇಕ ಹಿಡಿಯಾಂಗಿಲ್ಲಂತ,” ಎಂದ ಫಕೀರೇಶ. ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ತಪಾಸಣೆ ಮಾಡಿ ಕೊಡುತ್ತಾರಲ್ಲ, ಅದು ಎಫ್‌ಸಿ. ಅದಿಲ್ಲದೆ ಗಾಡಿ ಹೊರಗೆ ಹೋಗುವಂತಿಲ್ಲ.

ಶಿವಪ್ಪ ನಕ್ಕ. “ಗಾಡಿ ಏನ್ ಮಾಡೀತು ಚಾಚಾ? ಇವನ ಕಾಲಾಗ ದಮ್ಮಿಲ್ಲ. ತುಳಿಯೋ ಅಂದ್ರ ಹೂವಿನ ಮ್ಯಾಲ ಕಾಲಿಟ್ಟಂಗ ಇಡ್ತಾನ. ಇನ್ನೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಗಾಡಿ ಗುಜರಿಗೆ. ಇವ ಕುಮಾರಪಟ್ಟಣಕ್ಕ ಹೋಗಿ ಫ್ಯಾಕ್ಟರಿ ಗೇಟಿನ ಮುಂದ ನಿಲ್ಲಲಿ. ಕೂಲಿ ಸಿಕ್ಕ ದಿನ ಸಿಕ್ತು.”

ಫಕೀರೇಶ ಹತ್ತು ವರ್ಷ ಅದೇ ಸೀಟಿನಲ್ಲಿ ಕೂತವನು. ಸ್ಟೇರಿಂಗಿಗೆ ಅವನ ಕೈ ಸವೆದ ಜಾಗ ಕಾಣುತ್ತಿತ್ತು. ತಪ್ಪು ಕಾಲಿನದೋ ಗಾಡಿಯದೋ ಎಂದು ಯಾರಾದರೂ ಹೇಳಲಿ ಎಂದು ಕಾಯುವವನ ಹಾಗೆ ನಿಂತಿದ್ದ.

ಉಸ್ತಾದರು ಚಹಾ ಹೇಳಿದರು. “ತಪಾಸಣಿಗೆ ಹೋಗೂಕಿಂತ ಮೊದಲ ಗಾಡಿಗೆ ಏನೇನ್ ಮಾಡಿಸಿದ್ರಿ?”

“ಎಲ್ಲಾ ಮಾಡ್ಸೇವ್ರಿ,” ಶಿವಪ್ಪನೇ ಹೇಳಿದ. “ಬಣ್ಣ ಹೊಡಿಸೀವಿ. ತೊಳಿಸೀವಿ. ಕೆಳಗ ಆಯಿಲ್ ಹೊಡಿಸೀವಿ. ನೋಡ್ರಿ, ಮದುಮಗಳಾಗಿ ನಿಂತೈತಿ.”

ಇದು ನಮ್ಮ ಕಡೆಯ ರೂಢಿ. ಎಫ್‌ಸಿಗೆ ಹೋಗುವ ಗಾಡಿಯನ್ನು ಸಿಂಗಾರ ಮಾಡಿ ಕಳಿಸುತ್ತಾರೆ. ಸರ್ವಿಸಿಂಗಿನವರು ತೊಳೆದಾದ ಮೇಲೆ, ಸುಟ್ಟ ಇಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ, ಗಾಳಿಯ ಒತ್ತಡದಿಂದ ಗಾಡಿಯ ತಳಕ್ಕೆಲ್ಲ ಹೊಡೆಯುತ್ತಾರೆ. ತಳ ಕಪ್ಪಗೆ ಮಿರಮಿರ ಮಿಂಚುತ್ತದೆ. ನೋಡಿದವರು ಹೊಸದು ಅನ್ನಬೇಕು.

ನಾನು ಹಿಂದಿನ ಡ್ರಮ್ ಬಿಚ್ಚಿದೆ. ಲೈನರ್ ಒದ್ದೆ. ಅಚ್ಚಿನ ಕಡೆಯ ಸೀಲು ಸೋರಿದರೂ ಹೀಗೆ ಆಗುತ್ತದೆ, ಅದಕ್ಕೆ ಮೊದಲು ಸೀಲು ನೋಡಿದೆ. ಒಣಗಿತ್ತು. ಶೂ ಅಗಲಿಸುವ ವೀಲ್ ಸಿಲಿಂಡರ್ ನೋಡಿದೆ, ಅದೂ ಒಣ. ಬೆರಳಿಗೆ ಹತ್ತಿದ್ದನ್ನು ಮೂಸಿದೆ, ಡೀಸೆಲ್ ನಾತ. ಡ್ರಮ್ಮಿನ ಹಿಂದಿನ ತಗಡಿನಲ್ಲಿ ಒಂದು ಕಿಂಡಿ ಇರುತ್ತದೆ, ಅದರ ರಬ್ಬರ್ ಮುಚ್ಚಳ ಎಂದೋ ಬಿದ್ದುಹೋಗಿತ್ತು. ಮಿಂಚಲೆಂದು ಹೊಡೆದ ಆಯಿಲ್ ಅಲ್ಲಿಂದ ಒಳಗೆ ಹೋಗಿತ್ತು.

ಉಸ್ತಾದರು ಶಿವಪ್ಪನ ಮೂಗಿಗೆ ಲೈನರ್ ಹಿಡಿದರು. “ಕೈಗೆ ಎಣ್ಣಿ ಹಚ್ಚಿಕೊಂಡು ಹೋರಿ ಹಿಡಿಯಾಕ ಹೋದ್ರ ಹೋರಿ ಸಿಗ್ತದೇನಲೇ?”

ಓಡುವ ಹೋರಿ ಹಿಡಿಯುವ ಹಬ್ಬ ಮಾಡುವ ಹಾವೇರಿ ಕಡೆಯವನಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಶಿವಪ್ಪ ತಲೆ ಕೆರೆದುಕೊಂಡ. ನಾನು ಹೊಸ ಲೈನರ್ ಬಡಿದೆ, ಡ್ರಮ್ ಉಜ್ಜಿದೆ, ಮುಚ್ಚಳ ಹಾಕಿದೆ, ಆಯಿಲ್ ಹೊಡೆಸಬೇಡಿ ಎಂದು ಬೈದು ಕಳಿಸಿದೆ. ಬ್ಯಾನಿ ಸಿಕ್ಕಿತು ಎಂದುಕೊಂಡೆವು. ಸಿಕ್ಕಿತ್ತು, ಒಂದು ಬ್ಯಾನಿ. ಇನ್ನೊಂದು ಅದರ ಬೆನ್ನ ಹಿಂದೆ ಕೂತಿತ್ತು.

ಇಲ್ಲಿ ಹೊಸಬರಿಗೆ ಒಂದು ಬುದ್ಧಿಮಾತು. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪಿನಿಂದಲೂ ಹಾರಿಸಬೇಡಿ. ನಾವು ಊದಿದೆವು. ನಮ್ಮ ಜೊತೆ ಊದಿದವರಲ್ಲಿ ಕೆಲವರು ಕೆಮ್ಮಿ ಕೆಮ್ಮಿ ಹೋದರು. ಒದ್ದೆ ಅರಿವೆಯಿಂದ ಒರೆಸಿ. ಈಗ ಲೈನರ್ ಅಂಟಿಸಿದ ಶೂ ಪೆಟ್ಟಿಗೆಯಲ್ಲೇ ಬರುತ್ತವೆ, ರಿವೆಟ್ ಬಡಿಯುವ ಕೆಲಸ ಬಹಳ ಕಡೆ ಇಲ್ಲ. ಹೋಗಲಿ ಬಿಡಿ. ನನ್ನ ಹೆಬ್ಬೆರಳು ಎರಡು ಸಲ ಒಡೆದಿದೆ, ಆ ಕೆಲಸ ಹೋದದ್ದಕ್ಕೆ ನಾನು ಅಳುವವಳಲ್ಲ.

ಎರಡನೇ ಸಲ ಹಾವೇರಿಗೆ ನಾನೂ ಹೋದೆ. ತಪಾಸಣೆ ಮಾಡುವವರು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸು. ಅಲ್ಲಿ ನಿಂತ ಡ್ರೈವರರೆಲ್ಲ ಆಕೆಯ ಬೆನ್ನ ಹಿಂದೆ ಗೊಣಗುತ್ತಿದ್ದರು. ನಾನು ಆಕೆಯ ಕೆಲಸ ನೋಡಿದೆ. ಈಗ ಇದಕ್ಕೆಲ್ಲ ಉರುಳೆಯ ಮೇಲೆ ಗಾಲಿ ಏರಿಸಿ ಲೆಕ್ಕ ಹೇಳುವ ಯಂತ್ರಗಳು ಬರುತ್ತಿವೆಯಂತೆ. ಆಗ ಮೈದಾನವೇ ಯಂತ್ರ. ಆಕೆ ತಾನೇ ಗಾಡಿ ಹತ್ತಿ ಓಡಿಸಿದಳು, ಒಮ್ಮೆಲೇ ಬ್ರೇಕ್ ತುಳಿದಳು, ಇಳಿದು ಬಂದು ನೆಲದ ಗುರುತು ನೋಡಿದಳು. ಮುಂದಿನ ಗಾಲಿಗಳ ಗೆರೆ ಇತ್ತು. ಹಿಂದಿನ ಗಾಲಿ ಉರುಳಿಕೊಂಡೇ ಬಂದಿತ್ತು. ಮತ್ತೆ ಓಡಿಸಿದಳು. ಅದೇ.

“ಹಿಂದಿನ ಚಕ್ರ ಹಿಡೀತಾ ಇಲ್ಲ,” ಎಂದಳು.

“ಮೇಡಮ್ಮಾರ, ಹೊಸಾ ಲೈನರ್ ಹಾಕೇವ್ರಿ. ಈಕಿನs ಹಾಕ್ಯಾಳ,” ಫಕೀರೇಶ ನನ್ನ ಕಡೆ ಕೈಮಾಡಿದ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. “ನೀವು ಹಾಕಿದ್ದು ಚೆನ್ನಾಗೇ ಇರಬಹುದಮ್ಮಾ. ಆದ್ರೆ ಹಿಡೀತಾ ಇಲ್ವಲ್ಲ. ಯಾಕೆ ಅಂತ ನನಗೆ ಇಲ್ಲಿಂದ ಗೊತ್ತಾಗಲ್ಲ, ಅದನ್ನ ನೀವು ಹುಡುಕಬೇಕು. ಹಿಡಿಯೋವರೆಗೂ ನಾನು ಪಾಸ್ ಅಂತ ಬರೆಯಲ್ಲ. ಬೇಜಾರು ಮಾಡ್ಕೋಬೇಡಿ.”

ನನಗೆ ಆಕೆ ಹಿಡಿಸಿದಳು. ಗೊತ್ತಿದ್ದಷ್ಟು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಅಂಥ ಮೇಲಿನವರು ಕೈಬೆರಳಿನಷ್ಟೂ ಸಿಗುವುದಿಲ್ಲ.

ಫಕೀರೇಶನ ಮುಖ ಸುಣ್ಣ ಬಳಿದ ಹಾಗಾಯಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತಾಡಿದ: “ಅಕ್ಕಾರ, ಖರೇ ಹೇಳ್ರಿ. ನಾ ತುಳಿಯೂದರಾಗs ಏನರ ತಪ್ಪೈತೇನ್ರಿ?”

“ಆಕಿನೂ ತುಳದ್ಲಲ್ಲ. ಆಕಿ ಕಾಲಾಗೂ ದಮ್ಮಿಲ್ಲೇನು?” ಎಂದೆ. ಅದು ಅವನಿಗೆ ಹೊಳೆದಿರಲಿಲ್ಲ.

ಗ್ಯಾರೇಜಿನಲ್ಲಿ ಶಿವಪ್ಪ ಕಾಯುತ್ತಿದ್ದ. ಗುಜರಿಯವನಿಗೆ ಆಗಲೇ ಫೋನ್ ಹಚ್ಚಲು ಹೊರಟಿದ್ದ. ಉಸ್ತಾದರು ಅವನ ಮುಂದೆ ನಿಂತರು.

“ಗಾಡಿ ನನ್ನ ಅಂಗಳದಾಗ ಬಿಟ್ಟು ಹೋಗು. ನನ್ನ ಗ್ಯಾರೇಜಿನಿಂದ ಫೇಲ್ ಆದ ಗಾಡಿ, ಬ್ಯಾನಿ ಗೊತ್ತಾಗದs ಗುಜರಿಗೆ ಹೋದ್ರ ನಾ ಸತ್ತಂಗ.”

“ಹಾವೇರಿಗೆ ಹೋಗೂದು ಇನ್ನೊಂದs ಸಲ ಚಾಚಾ. ಅದs ಕಡೀದು,” ಎಂದು ಶಿವಪ್ಪ ಹೋದ. ಫಕೀರೇಶ ಉಳಿದ.

ಮರುದಿನ ಬೆಳಿಗ್ಗೆಯಿಂದ ಹುಡುಕಲು ಕೂತೆವು. ಉಸ್ತಾದರ ರೀತಿ ಇಲ್ಲಿ ನೋಡಿ. ಅವರು ಏನನ್ನೂ ಬದಲಿಸಲಿಲ್ಲ. ಬೇರೆ ಗ್ಯಾರೇಜಾದರೆ ಮಾಸ್ಟರ್ ಸಿಲಿಂಡರ್ ಬದಲಿಸು, ಪೈಪ್ ಬದಲಿಸು, ಡ್ರಮ್ ಬದಲಿಸು, ಏನು ಬದಲಿಸಿದಾಗ ಹಿಡಿಯುತ್ತದೋ ಅದೇ ಬ್ಯಾನಿ ಅನ್ನುತ್ತಾರೆ. ಅದು ಹುಡುಕುವುದಲ್ಲ, ಜೂಜು.

ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತಿ ನಿಲ್ಲಿಸಿದೆವು. ಫಕೀರೇಶ ಮೇಲೆ ಕೂತ. “ಹ್ಯಾಂಡ್ ಬ್ರೇಕ್ ಎಳಿ,” ಎಂದರು. ನಾನು ಗಾಲಿ ತಿರುಗಿಸಲು ನೋಡಿದೆ. ಕಲ್ಲಿನ ಹಾಗೆ ನಿಂತಿತ್ತು. “ಬಿಡು. ಈಗ ಪೆಡಲ್ ತುಳಿ.” ಅವನು ಹಲ್ಲು ಕಚ್ಚಿ ತುಳಿದ. ನಾನು ಎರಡೂ ಕೈ ಕೊಟ್ಟು ತಿರುಗಿಸಿದೆ. ಗಾಲಿ ಗಿರ್ರನೆ ತಿರುಗಿತು.

ಉಸ್ತಾದರು ನೆಲದ ಮೇಲೆ ಕೂತು ಬೀಡಿ ಹಚ್ಚಿದರು. “ನೋಡು ದ್ಯಾಮವ್ವಾ. ಹ್ಯಾಂಡ್ ಬ್ರೇಕಿಗೂ ಇದs ಶೂ, ಇದs ಲೈನರ್, ಇದs ಡ್ರಮ್. ಅದು ತಂತಿ ಎಳದ್ರ ಹಿಡೀತದ. ಅಂದ್ರ ಗಾಲಿಯೊಳಗ ಎಲ್ಲಾ ಚಲೋ ಐತಿ. ಕಾಲಿನ ಹುಕುಂ ಗಾಲಿತನಕ ಹೋಗವಲ್ದು. ನಡುವ ಯಾರೋ ತಡದಾರ.”

ಇದನ್ನು ಬರೆದಿಟ್ಟುಕೊಳ್ಳಿ, ಹೊಸಬರೇ. ಒಂದೇ ಗಾಲಿಯನ್ನು ಎರಡು ದಾರಿಯಿಂದ ಹಿಡಿಸಿ ನೋಡುವುದು. ಒಂದು ದಾರಿ ತೆರೆದಿದ್ದರೆ ಬ್ಯಾನಿ ಇನ್ನೊಂದು ದಾರಿಯಲ್ಲಿದೆ.

ಹಿಂದಿನ ಗಾಲಿಯಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ತುಳಿಸಿದರು. ಬ್ರೇಕ್ ಆಯಿಲ್ ಚಿಮ್ಮಬೇಕು. ತೊಟ್ಟಿಕ್ಕಿತು.

“ನನ್ನ ವಯಸ್ಸಿನವರು ಉಚ್ಚಿ ಹೊಯ್ದಂಗ ಐತಿ,” ಎಂದರು ಉಸ್ತಾದರು. ಫಕೀರೇಶ ಆ ವಾರದಲ್ಲಿ ಮೊದಲ ಸಲ ನಕ್ಕ.

ಪೈಪಿನಲ್ಲಿ ಗಾಳಿ ಇರಲಿಲ್ಲ, ಕಸ ಇರಲಿಲ್ಲ, ಜಜ್ಜಿರಲಿಲ್ಲ. ಉಸ್ತಾದರು ಮತ್ತೆ ಕೇಳುವ ಕೆಲಸಕ್ಕೆ ಇಳಿದರು.

“ಮುಂದಿನ ಲೈನರ್ ಎಂದ ಹಾಕಿಸಿದ್ದಿ?”

“ಅವು ನಿಲ್ಲಂಗs ಇಲ್ರಿ ಚಾಚಾ. ಹಾಕಿಸಿದಂಗ ಸವೀತಾವ.”

“ಹಿಂದಿನ್ವು?”

“ಹಿಂದಿನ್ವು ಆಯಿಲ್ ಕುಡದು ಕೆಟ್ವಲ್ಲ, ಅಲ್ಲೀತನಕ ಹೊಸಾವು ಇದ್ದಂಗs ಇದ್ವು. ದ್ಯಾಮಕ್ಕನ ಕೈ ಅಂದ್ರ ಹಂಗ ಅಂತ ಅಣ್ಣ ಊರೆಲ್ಲಾ ಹೇಳ್ತಿದ್ದ.”

ಉಸ್ತಾದರು ನನ್ನ ಕಡೆ ತಿರುಗಿದರು. “ಉಣ್ಣಾವ್ರs ಇಲ್ಲದ ಮನ್ಯಾಗ ರೊಟ್ಟಿ ಉಳೀತಾವ. ಅದಕ್ಕ ರೊಟ್ಟಿ ಬಡದಾಕಿನ್ನ ಹೊಗಳ್ತಾರೇನು?”

ನನಗೆ ಸಿಟ್ಟು ಬಂತು, ಆದರೆ ಮಾತು ಸರಿಯಿತ್ತು. ಹಿಂದಿನ ಗಾಲಿ ಎಷ್ಟೋ ಕಾಲದಿಂದ ಕೆಲಸವನ್ನೇ ಮಾಡಿರಲಿಲ್ಲ. ಮುಂದಿನವು ಎರಡರ ದುಡಿತವನ್ನೂ ದುಡಿದು ಸವೆಯುತ್ತಿದ್ದವು.

ಆಮೇಲೆ ಉಸ್ತಾದರು ಗಾಡಿಯಿಂದ ದೂರ ಹೋದರು. ರಸ್ತೆಯವರೆಗೆ ಹೋಗಿ ನಿಂತು, ಅಲ್ಲಿಂದ ಗಾಡಿ ನೋಡಿದರು. ಜಾಕ್ ಇಳಿಸಲು ಹೇಳಿದರು. ಇಳಿಸಿದೆವು. ಇನ್ನೂ ನೋಡಿದರು.

“ಹಿಂದ ಗೂಳಿ ಡುಬ್ಬ ಎದ್ದಂಗ ಎದ್ದೈತಲ್ಲೋ. ಕಮಾನಿನ ಪಾಟಾ ಎಷ್ಟ ಹಾಕಿಸಿರಿ?”

ಪಾಟಾ ಎಂದರೆ ಗಾಡಿಯ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳು. ಒಂದರ ಮೇಲೊಂದು ಇರುತ್ತವೆ. ಮೆಣಸಿನಕಾಯಿ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಚೀಲಗಳನ್ನು ಮನೆಯೆತ್ತರ ಒಟ್ಟುತ್ತಾರೆ. ಗಾಡಿ ತಿರುವಿನಲ್ಲಿ ತೂಗಾಡುತ್ತದೆ. ತೂಗಾಡಬಾರದೆಂದು ನಮ್ಮ ಕಡೆಯವರು ಕಮಾನಿಗೆ ಮೇಲೊಂದೆರಡು ಪಾಟಾ ಸೇರಿಸುತ್ತಾರೆ. ಗಾಡಿ ಬಿಗಿಯಾಗಿ ನಿಲ್ಲುತ್ತದೆ. ಎಲ್ಲರೂ ಮಾಡುವುದೇ, ಯಾರೂ ಕೆಟ್ಟದ್ದು ಅಂದುಕೊಂಡಿರಲಿಲ್ಲ.

“ಎರಡು ಹಾಕ್ಸೇವ್ರಿ. ಹೋದ ಎಫ್‌ಸಿ ಆದ ಮ್ಯಾಲ,” ಎಂದ ಫಕೀರೇಶ.

ಉಸ್ತಾದರು ಬೀಡಿ ಎಸೆದು ಗಾಡಿಯ ಕೆಳಗೆ ಹೋದರು. ಎಪ್ಪತ್ತರ ಹತ್ತಿರದ ಮನುಷ್ಯ, ಹಾವು ಬಿಲ ಹೊಕ್ಕ ಹಾಗೆ ಹೊಕ್ಕರು. ನಾನೂ ಹೋದೆ. ಹಿಂದಿನ ಅಚ್ಚಿನ ಮೇಲೆ, ಗಾಡಿಯ ಚೌಕಟ್ಟಿಗೆ ಒಂದು ವಾಲ್ವ್ ಇದೆ. ಅದರಿಂದ ಒಂದು ಸಣ್ಣ ಸರಳು ಅಚ್ಚಿಗೆ ಇಳಿದಿದೆ. ಭಾರ ಹೇರಿದರೆ ಗಾಡಿ ಕೆಳಗೆ ಕೂರುತ್ತದೆ, ಸರಳು ಮೇಲೆ ಒತ್ತುತ್ತದೆ, ವಾಲ್ವ್ ತೆರೆದು ಹಿಂದಿನ ಗಾಲಿಗೆ ಹೆಚ್ಚು ಆಯಿಲ್ ಬಿಡುತ್ತದೆ. ಖಾಲಿ ಗಾಡಿಗೆ ಕಡಿಮೆ ಬಿಡುತ್ತದೆ, ಯಾಕೆಂದರೆ ಖಾಲಿ ಗಾಡಿಯ ಹಿಂದಿನ ಗಾಲಿ ಪೂರಾ ಹಿಡಿದರೆ ಗಾಡಿ ಜಾರಿ ತಿರುಗುತ್ತದೆ. ಮಾಡಿದವನು ಬುದ್ಧಿವಂತ. ಅದನ್ನು ನಾವು ದಿನಾ ನೋಡುತ್ತಿದ್ದೆವು, ಒರೆಸುತ್ತಿದ್ದೆವು, ಅದೂ ಒಂದು ಬ್ಯಾನಿ ಆದೀತು ಎಂದು ಯೋಚಿಸಿರಲಿಲ್ಲ.

ಪಾಟಾ ಎರಡು ಹೆಚ್ಚಾಗಿ ಗಾಡಿ ಮೇಲೆದ್ದಿತ್ತು. ಸರಳು ಖಾಲಿ ಗಾಡಿಯ ಗುರುತಿಗಿಂತಲೂ ಕೆಳಗೆ ಜೋತುಬಿದ್ದಿತ್ತು, ವಾಲ್ವ್ ಹೆಚ್ಚೂಕಡಿಮೆ ಮುಚ್ಚಿಯೇ ಇತ್ತು. ಬಿಗಿ ಕಮಾನು ಭಾರ ಹೇರಿದರೂ ಕೂರುತ್ತಿರಲಿಲ್ಲ. ಆ ವಾಲ್ವಿನ ಲೆಕ್ಕದಲ್ಲಿ ಈ ಗಾಡಿ ಎಂದೂ ಖಾಲಿ. ಮನೆಯೆತ್ತರ ಚೀಲ ಒಟ್ಟಿಕೊಂಡು ಹೆದ್ದಾರಿಯಲ್ಲಿ ಓಡುವಾಗಲೂ ಖಾಲಿ.

ಉಸ್ತಾದರು ಸರಳನ್ನು ಕೈಯಿಂದ ಮೇಲೆತ್ತಿ ಹಿಡಿದರು. “ನಿಪ್ಪಲ್ ಸಡ್ಲ ಮಾಡು,” ಎಂದರು ನನಗೆ. ಮೇಲೆ ಕೂತವನಿಗೆ ಕೂಗಿದರು: “ತುಳಿಯಲೇ!”

ಬ್ರೇಕ್ ಆಯಿಲ್ ಚಿಳ್ ಎಂದು ಹಾರಿ ನನ್ನ ಸೀರೆ, ಕುಪ್ಪಸ, ಮುಖಕ್ಕೆಲ್ಲ ಹೊಡೆಯಿತು. ಆ ಮುದುಕ ಗಾಡಿಯ ಕೆಳಗೆ ಮಲಗಿಕೊಂಡು ಕೂಸಿನ ಹಾಗೆ ನಕ್ಕದ್ದನ್ನು ನಾನು ಮರೆತಿಲ್ಲ. ನನ್ನ ಸೀರೆ ಹಾಳಾಯಿತು, ಅದನ್ನೂ ಮರೆತಿಲ್ಲ.

ಫಕೀರೇಶ ಇಳಿದು ಬಂದು ಬಗ್ಗಿ ನೋಡಿದ. ತಿಳಿಸಿ ಹೇಳಿದೆವು. ಅವನು ಕೈ ಚಾಚಿ ಆ ಸರಳನ್ನು ಮುಟ್ಟಿ ನೋಡಿದ. “ಮೋಟೆಬೆನ್ನೂರ ಕ್ರಾಸಿನ್ಯಾಗ ಒಂದ ಆಕಳ ಅಡ್ಡ ಬಂದಿತ್ರಿ. ಗಾಡಿ ನಿಲ್ಲಲಿಲ್ಲ. ಹೊಲದಾಗ ಇಳಿಸಿ ಉಳಿಸಿದೆ. ಅವತ್ತಿಂದ ನನಗs ನನ್ನ ಕಾಲಿನ ಮ್ಯಾಲ ನಂಬಿಗಿ ಹೋಗಿತ್ತು,” ಎಂದ.

ಸಂಜೆಗೆ ಶಿವಪ್ಪ ಬಂದ. ಎಲ್ಲಾ ಕೇಳಿಕೊಂಡ. ಕಾರಣ ತಾನೇ ಹಾಕಿಸಿದ ಪಾಟಾ ಎಂದಾಗ ಮೀಸೆ ತೀಡಿದ.

“ಹಂಗಾದ್ರ ಪಾಟಾ ಇರಲಿ. ಆ ಸರಳ ಮ್ಯಾಲೆತ್ತಿ ತಂತಿ ಬಿಗೀರಿ. ನೀವs ಹೇಳಿದ್ರಲ್ಲಾ, ಎತ್ತಿದ್ರ ಹಿಡೀತದಂತ. ನಾಳೆ ಪಾಸ್ ಆಗ್ತದ, ಮುಗೀತು.”

“ಖಾಲಿ ಗಾಡಿ ತಿರುಗ್ತದಲೇ,” ಎಂದರು ಉಸ್ತಾದರು.

“ಪಾಟಾ ತಗದ್ರ ಸುಗ್ಗ್ಯಾಗ ಚೀಲ ಎಷ್ಟ ಒಟ್ಟೂದು ಚಾಚಾ? ಬಿಗೀರಿ ತಂತಿ. ಇಲ್ಲಂದ್ರ ಗುಜರಿ.”

ಆಗ ಫಕೀರೇಶ ಜೇಬಿನಿಂದ ಗಾಡಿಯ ಕೀಲಿ ತೆಗೆದ. ನಾನು ಲೈನರ್ ಬಡಿಯುವ ಕಬ್ಬಿಣದ ಮೇಲೆ ಇಟ್ಟ.

“ಅಣ್ಣಾ, ಗುಜರಿಗೇ ಹಾಕು. ತಂತಿ ಕಟ್ಟಿದ ಗಾಡಿ ನಾ ಹೊಡ್ಯಾಂಗಿಲ್ಲ. ನಾ ಕುಮಾರಪಟ್ಟಣಕ್ಕ ಹೋಗ್ತೀನಿ.”

ಅವನು ಅಣ್ಣನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು ಅನ್ನಿಸುತ್ತದೆ. ಕಳೆದುಕೊಳ್ಳುವುದು ಪೂರಾ ಅವನದೇ ಇತ್ತು. ದನಿ ಏರಿಸಲಿಲ್ಲ. ನಾನು ಬಹಳ ಡ್ರೈವರರನ್ನು ಕಂಡಿದ್ದೇನೆ, ಗಾಡಿ ಬಿಟ್ಟು ಕೂಲಿಗೆ ಹೋಗುತ್ತೇನೆ, ಕೆಟ್ಟ ಬ್ರೇಕಿನ ಮೇಲೆ ಕೂರುವುದಿಲ್ಲ ಎಂದವನನ್ನು ಬೇರೆ ಕಂಡಿಲ್ಲ.

“ಇವಗ ಅಂಜಿಕಿ! ತರ್ರಿ ಇಲ್ಲೆ, ನಾನs ಹೊಡೀತೀನಿ,” ಎಂದು ಶಿವಪ್ಪ ಕೀಲಿ ಎತ್ತಿಕೊಂಡ.

ಉಸ್ತಾದರು ವಾದ ಮಾಡಲಿಲ್ಲ. ಗಾಡಿಯ ಕೆಳಗೆ ಹೋಗಿ ಸರಳು ಎತ್ತಿ ತಂತಿ ಕಟ್ಟಿ ಬಂದರು. ಗ್ಯಾರೇಜಿನ ಹಿಂದಿನ ಖಾಲಿ ಜಾಗ ತೋರಿಸಿದರು. “ಹೊಡಿ. ನಿನ್ನ ಕಾಲಾಗ ದಮ್ಮೈತಲ್ಲ, ಪೂರಾ ತುಳಿ. ಆದ್ರ ಸಾವಕಾಶ ಓಡಿಸು.”

ಶಿವಪ್ಪ ಹೊಡೆದ. ಸಣ್ಣ ಕಲ್ಲಿನ ಗರಸಿನ ನೆಲ. ಜೋರೇನೂ ಇರಲಿಲ್ಲ, ಸೈಕಲ್ ಓಡುವಷ್ಟು. ತುಳಿದ. ಹಿಂದಿನ ಗಾಲಿಗಳು ಒಮ್ಮೆಲೇ ಕಚ್ಚಿದವು. ಗಾಡಿಯ ಹಿಂಭಾಗ ಎಮ್ಮೆ ಮೈ ತಿರುವಿದ ಹಾಗೆ ತಿರುಗಿ, ಅವನ ಮುಖ ನಮ್ಮ ಕಡೆಗೇ ಬಂದು ನಿಂತಿತು. ಧೂಳು ಇಳಿಯುವವರೆಗೆ ಅವನು ಇಳಿಯಲಿಲ್ಲ.

ಉಸ್ತಾದರು ನನಗೆ ಮಾತಾಡದಂತೆ ಸನ್ನೆ ಮಾಡಿದರು, ನನ್ನ ಬಾಯಿ ಅವರಿಗೆ ಗೊತ್ತು. ಶಿವಪ್ಪ ಗಾಡಿ ಸುತ್ತಿ ಬಂದು ತಮ್ಮನ ಮುಂದೆ ನಿಂತ. ಕೀಲಿ ಅವನ ಕೈಗಿಟ್ಟ.

“ತಗೀರಿ ಪಾಟಾ,” ಎಂದ. ಆಮೇಲೆ ತಮ್ಮನಿಗೆ, “ಚೀಲ ಕಡಿಮಿ ಒಟ್ಟು. ಎರಡ ಖೇಪು ಹೆಚ್ಚ ಹೊಡಿ.”

ಎರಡು ಪಾಟಾ ತೆಗೆದೆವು. ತಂತಿ ಬಿಚ್ಚಿ ಸರಳನ್ನು ಅದರ ಗುರುತಿಗೆ ಕೂರಿಸಿದೆವು. ಮೂರನೇ ಸಲ ಹಾವೇರಿಗೆ ಹೋದೆವು. ಆ ಮೇಡಮ್ ಗಾಡಿ ಓಡಿಸಿ ತುಳಿದಳು. ನಾಲ್ಕೂ ಗಾಲಿ ಹಿಡಿದವು, ಗಾಡಿ ನೆಟ್ಟಗೆ ನಿಂತಿತು. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆಕೆ ಇಳಿದು ಬಂದು, “ಏನಾಗಿತ್ತು?” ಎಂದು ಕೇಳಿದಳು. ಹೇಳಿದೆ. ಬ್ಯಾಟರಿ ದೀಪ ತರಿಸಿಕೊಂಡಳು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲದ ಮೇಲೆ ಮಲಗಿ, ವಾಲ್ವ್, ಸರಳು, ಕಮಾನು ಎಲ್ಲಾ ನೋಡಿದಳು. ಎದ್ದು ಬೆನ್ನಿನ ಮಣ್ಣು ಕೂಡ ಜಾಡಿಸಲಿಲ್ಲ.

“ಇದನ್ನ ಕಂಡುಹಿಡಿದವರಿಗೆ ನನ್ನ ನಮಸ್ಕಾರ ಹೇಳಿ,” ಎಂದಳು. ಫಕೀರೇಶನ ಕಡೆ ತಿರುಗಿದಳು. “ಈ ಥರ ಪಟ್ಟಿ ಸೇರಿಸಿರೋ ಗಾಡಿಗಳು ನಿಮ್ಮ ಕಡೆ ಇನ್ನೂ ಇದಾವಾ?”

“ಬ್ಯಾಡಗಿ ಯಾರ್ಡಿನ ಮುಂದ ನಿಂತಿರ್ತಾವಲ್ರಿ ಮೇಡಮ್ಮಾರ, ಅವ್ರಾಗ ಅರ್ಧಕ್ಕರ್ಧ ಹಿಂಗs.”

ಆಕೆ ಪೆನ್ನು ತೆಗೆದಳು. “ನನ್ನ ಹತ್ರ ಅವು ಬರೋದು ಅವುಗಳ ತಾರೀಕು ಬಂದಾಗ. ಅಲ್ಲೀವರೆಗೆ ಓಡ್ತಾನೇ ಇರ್ತಾವೆ,” ಎಂದು ಪಾಸ್ ಬರೆದುಕೊಟ್ಟಳು.

ಫಕೀರೇಶ ನನ್ನನ್ನು ಗ್ಯಾರೇಜಿಗೆ ಬಿಟ್ಟು, ಉಸ್ತಾದರ ಕಾಲು ಮುಟ್ಟಿ, ಗಾಡಿ ತೆಗೆದುಕೊಂಡು ಹೋದ. ಉಸ್ತಾದರು ಮೇಡಮ್ಮರ ನಮಸ್ಕಾರ ಕೇಳಿ, ಆ ಹುಡುಗಿಗೆ ಚಹಾ ಕುಡಿಸಬೇಕಿತ್ತು ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋಗಲಿಲ್ಲ. ಮೊದಲ ಬಸ್ ಹಿಡಿದು ಬ್ಯಾಡಗಿಗೆ ಹೋದೆ. ಯಾರ್ಡಿನ ಹೊರಗೆ ಟೆಂಪೊಗಳು ಸಾಲು ನಿಂತಿದ್ದವು, ಡುಬ್ಬ ಎತ್ತಿಕೊಂಡು. ಸೀರೆ ಎತ್ತಿ ಕಚ್ಚೆ ಬಿಗಿದು ಮೊದಲನೆಯದರ ಕೆಳಗೆ ಹೊಕ್ಕೆ. ಡ್ರೈವರ ಚಹಾ ಲೋಟ ಹಿಡಿದುಕೊಂಡೇ ಓಡಿ ಬಂದ.

“ಏ ಯಮ್ಮಾ, ಗಾಡಿ ಕೆಳಗ ಏನ್ ಹುಡುಕಾಕತ್ತೀದಿ?”

“ನಿನ್ನ ಹಿಂದಿನ ಬ್ರೇಕ ಹುಡುಕಾಕತ್ತೇನಿ. ಕಾಣವಲ್ದು. ಇಲ್ಲೆ ಬಗ್ಗು.”

ಅವನು ಬೈಯುತ್ತಲೇ ಬಗ್ಗಿದ. ನಾನು ಜೋತುಬಿದ್ದ ಸರಳು ತೋರಿಸಿದೆ, ಮುಂದಿನ ಲೈನರ್ ಯಾವಾಗ ಹಾಕಿಸಿದ್ದಿ ಎಂದು ಕೇಳಿದೆ. ಬೈಗುಳ ನಿಂತಿತು. ಲೋಟ ನೆಲಕ್ಕಿಟ್ಟು ಮಂಡಿಯೂರಿದ. ಅವನ ಹಿಂದಿನ ಗಾಡಿಯವನು, ಇವರೇನು ನೋಡುತ್ತಿದ್ದಾರೆ ಎಂದು, ತನ್ನ ಗಾಡಿಯ ಕೆಳಗೆ ತಾನೂ ಬಗ್ಗಿದ. ನಾನು ಹೊರಗೆ ಬರದೆ, ತೆವಳಿಕೊಂಡೇ ಅವನ ಕಡೆಗೆ ಹೋದೆ.